ಇವತ್ತು ಪಫ್ಸ್ ಎಷ್ಟು ಹಾಕಬೇಕು? ಬೇಕರಿಯ ತೀರ್ಮಾನಗಳಿಗೆ ಅಂಕಿಗಳ ಆಸರೆ

ಸಂಜೆ ಆರು ಗಂಟೆ. ಗಾಜಿನ ಕಪಾಟಿನಲ್ಲಿ ವೆಜ್ ಪಫ್ಸ್ ಇದ್ದ ತಟ್ಟೆಯಲ್ಲಿ ಈಗ ಪದರದ ಪುಡಿ ಮಾತ್ರ ಇದೆ. ಒಬ್ಬರು ಸ್ಕೂಟರ್ ನಿಲ್ಲಿಸುತ್ತಾರೆ, ಇಳಿಯದೇ ಕಪಾಟಿನ ಕಡೆ ಕಣ್ಣಾಡಿಸಿ ಮುಂದೆ ಹೋಗುತ್ತಾರೆ. ಇದು ಯಾವ ಲೆಕ್ಕದ ಪುಸ್ತಕಕ್ಕೂ ಹತ್ತುವುದಿಲ್ಲ. ಅದೇ ರಾತ್ರಿ ಒಂಬತ್ತಕ್ಕೆ ಹತ್ತು ಪಫ್ಸ್ ಮಿಕ್ಕಿದರೆ ಮಾಲೀಕರಿಗೂ ಕಾಣುತ್ತದೆ, ಓವನ್ ನೋಡಿಕೊಳ್ಳುವವರಿಗೂ ಕಾಣುತ್ತದೆ. ಮರುದಿನ ಹತ್ತು ಕಡಿಮೆ ಹಾಕುತ್ತಾರೆ.

ಮಿಕ್ಕಿದ್ದು ಕಣ್ಣಿಗೆ ಬೀಳುತ್ತದೆ, ತಿರುಗಿ ಹೋದ ಗಿರಾಕಿ ಬೀಳುವುದಿಲ್ಲ. ಈ ಎರಡೂ ನಷ್ಟಗಳನ್ನು ರೂಪಾಯಿಗೆ ಇಳಿಸಿ ಪಕ್ಕಪಕ್ಕದಲ್ಲಿ ಇಡುವುದು ಹೇಗೆ ಎಂಬುದನ್ನು ಒಂದು ಸಣ್ಣ ಬೇಕರಿಯ ಉದಾಹರಣೆಯಲ್ಲಿ ಹೆಜ್ಜೆ ಹೆಜ್ಜೆಯಾಗಿ ನೋಡೋಣ. ನೋಟ್‌ಬುಕ್ಕು ಮತ್ತು ಫೋನಿನ ಕ್ಯಾಲ್ಕುಲೇಟರ್ ಸಾಕು. ಇಲ್ಲಿನ ಬೆಲೆ ಮತ್ತು ಮಾರಾಟದ ಅಂಕಿಗಳನ್ನು ಲೆಕ್ಕ ತೋರಿಸಲು ಹಾಕಿಕೊಳ್ಳಲಾಗಿದೆ, ಆ ಜಾಗದಲ್ಲಿ ನಿಮ್ಮ ಅಂಗಡಿಯ ಅಂಕಿ ಹಾಕಿಕೊಳ್ಳಿ. ಹೂವಿನಂಗಡಿ, ಇಡ್ಲಿ ಹೋಟೆಲ್, ಹಾಲಿನ ಬೂತ್, ಹೀಗೆ ಸಂಜೆಗೆ ಸರಕು ಹಳಸುವ ಯಾವ ವ್ಯಾಪಾರಕ್ಕೂ ಇದೇ ದಾರಿ ನಡೆಯುತ್ತದೆ.

1. ತೀರ್ಮಾನವನ್ನು ಒಂದು ವಾಕ್ಯದಲ್ಲಿ ಬರೆಯಿರಿ

"ಲಾಭ ಹೆಚ್ಚಿಸಬೇಕು" ಎಂದರೆ ಅದು ಆಸೆ. "ಮಂಗಳವಾರದಿಂದ ಗುರುವಾರದವರೆಗೆ ದಿನಕ್ಕೆ ಎಷ್ಟು ವೆಜ್ ಪಫ್ಸ್ ಹಾಕಬೇಕು" ಎಂದರೆ ತೀರ್ಮಾನ, ಏಕೆಂದರೆ ಅದರ ಉತ್ತರ ಒಂದೇ ಒಂದು ಸಂಖ್ಯೆ. ಆ ಸಂಖ್ಯೆಯನ್ನು ಬದಲಿಸುವ ಅಧಿಕಾರ ನಿಮ್ಮ ಕೈಯಲ್ಲಿರಬೇಕು. ಒಂದು ಸಲಕ್ಕೆ ಒಂದೇ ತಿನಿಸನ್ನು ಹಿಡಿಯಿರಿ.

2. ನಾಲ್ಕು ವಾರ ಬರೆದಿಡಿ

ದಿನಕ್ಕೊಂದು ಸಾಲು: ತಾರೀಖು, ವಾರ, ಹಾಕಿದ್ದು, ಮಿಕ್ಕಿದ್ದು, ಒಡೆದದ್ದು ಅಥವಾ ಪುಕ್ಕಟೆ ಹೋದದ್ದು, ಖಾಲಿಯಾಗಿದ್ದರೆ ಎಷ್ಟು ಗಂಟೆಗೆ, ಮತ್ತು ಆ ದಿನದ ವಿಶೇಷ (ಜೋರು ಮಳೆ, ಕಾಲೇಜಿಗೆ ರಜೆ, ಬೀದಿಯಲ್ಲಿ ಜಾತ್ರೆ).

"ಹಾಕಿದ್ದರಲ್ಲಿ ಮಿಕ್ಕಿದ್ದು ಕಳೆದರೆ ಮಾರಿದ್ದು" ಎಂದುಕೊಳ್ಳುವುದು ಮೊದಲ ತಪ್ಪು. ಕೆಲಸದವರು ಚಹಾದ ಜೊತೆ ತಿಂದದ್ದೂ ಟ್ರೇ ಎತ್ತುವಾಗ ಮುರಿದದ್ದೂ ಮಾರಾಟಕ್ಕೆ ಸೇರಿಬಿಡುತ್ತವೆ. ಒಡೆದದ್ದಕ್ಕೆ ಬೇರೆ ಕಾಲಂ ಇರುವುದು ಅದಕ್ಕೇ.

ಖಾಲಿಯಾದ ಗಂಟೆ ಈ ಪುಸ್ತಕದ ಅತಿ ಬೆಲೆಬಾಳುವ ಕಾಲಂ. ಬಹುತೇಕರು ಬರೆಯದೇ ಬಿಡುವುದೂ ಅದನ್ನೇ.

3. ಮಾರಾಟ ಬೇರೆ, ಬೇಡಿಕೆ ಬೇರೆ

60 ಪಫ್ಸ್ ಹಾಕಿ 60ನ್ನೂ ಮಾರಿದ ದಿನ ಬೇಡಿಕೆ ಎಷ್ಟಿತ್ತು? 60 ಇದ್ದಿರಬಹುದು, 100 ಇದ್ದಿರಲೂಬಹುದು. ಪುಸ್ತಕ ಮಾತ್ರ 60 ಎನ್ನುತ್ತದೆ. ಅದನ್ನೇ ನಂಬಿ ಮುಂದಿನ ತಿಂಗಳ ಲೆಕ್ಕ ಹಾಕಿದರೆ ಮತ್ತೆ 60 ಹಾಕುತ್ತೀರಿ, ಮತ್ತೆ ಖಾಲಿಯಾಗುತ್ತದೆ, ಪುಸ್ತಕ ಮತ್ತೆ 60 ಎನ್ನುತ್ತದೆ. ಅಂಕಿ ಇಟ್ಟುಕೊಂಡೂ ಮೋಸಹೋಗುವ ಜಾಗ ಇದು. ಕಂಪ್ಯೂಟರ್ ಬಿಲ್ಲಿಂಗ್ ಇರುವ ದೊಡ್ಡ ಅಂಗಡಿಗೂ ಇದರಿಂದ ವಿನಾಯಿತಿ ಇಲ್ಲ.

ಸರಿಪಡಿಸಲು ಎರಡು ದಾರಿಗಳಿವೆ.

ಮೊದಲನೆಯದು ಗಂಟೆಯ ಪಾಲು. ಖಾಲಿಯಾಗದೆ ಮಿಕ್ಕಿದ ದಿನಗಳನ್ನಷ್ಟೇ ತೆಗೆದುಕೊಳ್ಳಿ. ಆ ದಿನಗಳಲ್ಲಿ ಸಂಜೆ 6ರ ಹೊತ್ತಿಗೆ ಇಡೀ ದಿನದ ಮಾರಾಟದ ಎಷ್ಟು ಪಾಲು ಮುಗಿದಿತ್ತು ಎಂದು ನೋಡಿ. ಬಿಲ್ಲಿಂಗ್ ಯಂತ್ರವಿದ್ದರೆ ಗಂಟೆವಾರು ಪಟ್ಟಿ ಸಿಗುತ್ತದೆ. ಇಲ್ಲದಿದ್ದರೆ ಮಧ್ಯಾಹ್ನ 3, ಸಂಜೆ 5, 6, 7 ಗಂಟೆಗೆ ತಟ್ಟೆಯಲ್ಲಿ ಉಳಿದದ್ದನ್ನು ಎಣಿಸಿ ಬರೆದರಾಯಿತು. ಯುಪಿಐ ಪಾವತಿಗಳ ಸಮಯ ನೋಡಿದರೆ ಅಂಗಡಿಗೆ ಯಾವ ಹೊತ್ತಿನಲ್ಲಿ ಜನ ಹೆಚ್ಚು ಎಂಬ ಅಂದಾಜು ಸಿಗುತ್ತದೆ, ಆದರೆ ಏನು ಕೊಂಡರು ಎಂದು ತಿಳಿಯುವುದಿಲ್ಲ. 6ಕ್ಕೆ ಮುಕ್ಕಾಲು ಪಾಲು ಮುಗಿಯುತ್ತದೆ ಎಂದಿಟ್ಟುಕೊಳ್ಳಿ. 60 ಹಾಕಿ 6ಕ್ಕೇ ಖಾಲಿಯಾದ ದಿನದ ಬೇಡಿಕೆ 60 ÷ 0.75 = 80. ಪುಸ್ತಕದಲ್ಲಿ 60ರ ಪಕ್ಕ 80 ಎಂದು ಬೇರೆ ಶಾಯಿಯಲ್ಲಿ ಬರೆಯಿರಿ. ಮೂಲ ಅಂಕಿಯನ್ನು ಅಳಿಸಬೇಡಿ.

ಎರಡನೆಯದು, ನಾಲ್ಕು ವಾರದ ಮಂಗಳ, ಬುಧ, ಗುರುವಾರ, ಅಂದರೆ 12 ದಿನ ಬೇಕೆಂದೇ ಧಾರಾಳವಾಗಿ ಹಾಕಿ ನಿಜವಾದ ಬೇಡಿಕೆಯನ್ನು ಕಣ್ಣಾರೆ ನೋಡುವುದು. ಮುಂದಿನ ಲೆಕ್ಕದಲ್ಲಿ ಕಾಣುವಂತೆ ನಮ್ಮ ಉದಾಹರಣೆಯಲ್ಲಿ ಇದಕ್ಕೆ ದಿನಕ್ಕೆ ಸುಮಾರು 120 ರೂಪಾಯಿ, ಒಟ್ಟು 1,440 ರೂಪಾಯಿ ಕೈಬಿಡುತ್ತದೆ. ವರ್ಷವಿಡೀ ಬಳಸುವ ಮಾಹಿತಿಗೆ ಈ ಬೆಲೆ ಹೆಚ್ಚಲ್ಲ.

"ಇಲ್ಲ ಎಂದು ಹೇಳಿದಾಗಲೆಲ್ಲ ಒಂದು ಗೀಟು ಎಳೆಯಿರಿ" ಎಂದು ಕೌಂಟರಿನಲ್ಲಿ ಹೇಳುವುದು ಒಳ್ಳೆಯದೇ. ಆದರೆ ಖಾಲಿ ತಟ್ಟೆ ನೋಡಿದವರು ಕೇಳುವುದೇ ಇಲ್ಲ. ಹಾಗಾಗಿ ಗೀಟಿನ ಲೆಕ್ಕ ಯಾವಾಗಲೂ ಕಡಿಮೆ ತೋರಿಸುತ್ತದೆ.

4. ದಿನಗಳನ್ನು ಜಾತಿವಾರು ಬೇರ್ಪಡಿಸಿ

ಶನಿವಾರದ ಬೇಡಿಕೆಯನ್ನೂ ಮಂಗಳವಾರದ ಬೇಡಿಕೆಯನ್ನೂ ಒಂದೇ ಸರಾಸರಿಗೆ ಹಾಕಿದರೆ ಎರಡು ದಿನಕ್ಕೂ ಹೊಂದದ ಸಂಖ್ಯೆ ಬರುತ್ತದೆ. ಸಾಮಾನ್ಯವಾಗಿ ಮೂರು ಗುಂಪು ಸಾಕು: ವಾರದ ನಡುವಿನ ದಿನಗಳು, ಶುಕ್ರವಾರ ಮತ್ತು ಸೋಮವಾರ, ವಾರಾಂತ್ಯ. ಕಾಲೇಜಿನ ಮುಂದಿನ ಅಂಗಡಿಯಾದರೆ ರಜಾದಿನಗಳಿಗೇ ಒಂದು ಗುಂಪು ಬೇಕು. ಗುಂಪು ಹೆಚ್ಚಾದಷ್ಟೂ ಒಂದೊಂದರಲ್ಲಿ ಉಳಿಯುವ ದಿನಗಳು ಕಡಿಮೆ, ಐದಾರು ದಿನದ ಅಂಕಿಯ ಮೇಲೆ ಭರವಸೆ ಇಡಲಾಗದು. ಒಂದು ಗುಂಪಿಗೆ 20 ದಿನಗಳಾದರೂ ಸಿಗುವವರೆಗೆ ಬರೆಯುತ್ತಿರಿ.

ಹಬ್ಬದ ದಿನಗಳನ್ನು ಪಟ್ಟಿಯಿಂದ ತೆಗೆದು ಬೇರೆ ಹಾಳೆಗೆ ಸೇರಿಸಿ. ಹಬ್ಬಕ್ಕೆ ಹೋದ ವರ್ಷದ ಅದೇ ತಾರೀಖನ್ನು ನೋಡಬೇಡಿ, ತಿಥಿಯನ್ನು ನೋಡಿ. ಗಣೇಶ ಚತುರ್ಥಿ 2024ರಲ್ಲಿ ಸೆಪ್ಟೆಂಬರ್ 7ಕ್ಕೆ ಬಂದಿತ್ತು, 2025ರಲ್ಲಿ ಆಗಸ್ಟ್ 27ಕ್ಕೆ ಬಂತು. 2026ರಲ್ಲಿ ನಡುವೆ ಅಧಿಕ ಮಾಸ ಇರುವುದರಿಂದ ಅದು ಸೆಪ್ಟೆಂಬರ್ 14. ಎಕ್ಸೆಲ್‌ನಲ್ಲಿ ತಾರೀಖಿಗೆ ತಾರೀಖು ಹೋಲಿಸಿದರೆ ಹಬ್ಬದ ಮುನ್ನಾದಿನದ ನೂಕುನುಗ್ಗಲು ಮಾಮೂಲಿ ದಿನದ ತಲೆಗೆ ಬರುತ್ತದೆ. ಶ್ರಾವಣದಲ್ಲಿ ಮೊಟ್ಟೆ ಪಫ್ಸ್ ಇಳಿಯುವುದು ಕೂಡ ಇಂಥದ್ದೇ. ಪಂಚಾಂಗವನ್ನು ಪುಸ್ತಕದ ಪಕ್ಕದಲ್ಲೇ ಇಟ್ಟುಕೊಳ್ಳಿ.

5. ಒಂದು ಪಫ್ಸಿನ ನಿಜವಾದ ಅಸಲು

ಇಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ: ಇನ್ನೊಂದು ಪಫ್ಸ್ ಹೆಚ್ಚು ಹಾಕಿದರೆ ಜೇಬಿನಿಂದ ಹೆಚ್ಚಾಗಿ ಎಷ್ಟು ಹೋಗುತ್ತದೆ?

ಮೈದಾ 35 ಗ್ರಾಂ, ಕಿಲೋಗೆ 40 ರೂಪಾಯಿಯಂತೆ 1.40
ಮಾರ್ಗರಿನ್ 20 ಗ್ರಾಂ, ಕಿಲೋಗೆ 150ರಂತೆ 3.00
ಒಳಗಿನ ಪಲ್ಯ 2.00
ಗ್ಯಾಸ್ 0.70
ಕಾಗದ, ಕವರ್ 0.40
ಒಟ್ಟು 7.50 ರೂಪಾಯಿ. ಮಾರುವ ಬೆಲೆ 25.

ಬಾಡಿಗೆ ಇಲ್ಲಿ ಬರುವುದಿಲ್ಲ, ಮಾಸ್ಟರ್ ಸಂಬಳವೂ ಬರುವುದಿಲ್ಲ. 60 ಹಾಕಿದರೂ 90 ಹಾಕಿದರೂ ಅವು ಅಷ್ಟೇ ಇರುತ್ತವೆ. ಅಂಗಡಿ ನಡೆಸಬೇಕೋ ಮುಚ್ಚಬೇಕೋ, ಬೆಲೆ ಎಷ್ಟಿಡಬೇಕು ಎಂಬ ಪ್ರಶ್ನೆಗಳಿಗೆ ಬಾಡಿಗೆ ಬೇಕು. ಇವತ್ತು ಎಷ್ಟು ಹಾಕಬೇಕು ಎಂಬುದಕ್ಕೆ ಬೇಡ. ಬಾಡಿಗೆ, ಸಂಬಳ ಎಲ್ಲವನ್ನೂ ತುಂಡಿಗೆ ಹಂಚಿ "ಒಂದು ಪಫ್ಸಿಗೆ 15 ರೂಪಾಯಿ ಬೀಳುತ್ತದೆ" ಎಂದು ಲೆಕ್ಕ ಹಾಕುವವರು ಮಿಕ್ಕಿದ ಒಂದೊಂದಕ್ಕೂ ಎರಡರಷ್ಟು ಹೆದರುತ್ತಾರೆ. ಆ ಹೆದರಿಕೆಯ ಬೆಲೆ ಎಷ್ಟು ಎಂದು ಸ್ವಲ್ಪ ಮುಂದೆ ತೋರಿಸುತ್ತೇವೆ.

6. ಅನುಪಾತ

ಒಂದು ಕಡಿಮೆ ಬಿದ್ದರೆ ಹೋಗುವ ಲಾಭ: 25 − 7.50 = 17.50.
ಒಂದು ಮಿಕ್ಕಿದರೆ ಆಗುವ ನಷ್ಟ: 7.50, ಏಕೆಂದರೆ ಮರುದಿನಕ್ಕೆ ಪಫ್ಸ್ ಮೆತ್ತಗಾಗುತ್ತದೆ, ಮಾರುವಂತಿಲ್ಲ.
ಅನುಪಾತ: 17.50 ÷ (17.50 + 7.50) = 0.70.

ಎಂದರೆ, ಹತ್ತು ದಿನದಲ್ಲಿ ಏಳು ದಿನ ಬಂದವರಿಗೆಲ್ಲ ಸಿಗುವಷ್ಟು ಹಾಕಬೇಕು, ಮೂರು ದಿನ ಖಾಲಿಯಾದರೆ ಆಗಲಿ. ಓದುವ ಪುಸ್ತಕಗಳಲ್ಲಿ ಇದಕ್ಕೆ ಪತ್ರಿಕೆ ಮಾರುವವನ ಸಮಸ್ಯೆ ಎಂಬ ಹೆಸರಿದೆ, ಸಂಜೆಯಾದರೆ ಪತ್ರಿಕೆಯೂ ರದ್ದಿಯಲ್ಲವೇ. ಬ್ಯಾಂಕು ಎಷ್ಟು ನಗದು ಕೈಯಲ್ಲಿಟ್ಟುಕೊಳ್ಳಬೇಕು ಎಂದು 1888ರಲ್ಲಿ ಅರ್ಥಶಾಸ್ತ್ರಜ್ಞ ಎಜ್‌ವರ್ತ್ ಮಾಡಿದ ಲೆಕ್ಕದಲ್ಲಿ ಇದರ ಬೇರು ಇದೆ.

ಈಗ ವಾರದ ನಡುವಿನ 20 ದಿನಗಳ ಸರಿಪಡಿಸಿದ ಬೇಡಿಕೆಯನ್ನು ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿ:

62, 66, 70, 71, 74, 75, 78, 80, 81, 83,
84, 86, 88, 90, 92, 95, 97, 102, 108, 118

0.70 × 20 = 14. ಹದಿನಾಲ್ಕನೆಯ ಸಂಖ್ಯೆ 90. ಅದೇ ಉತ್ತರ. ಗುಣಿಸಿದಾಗ ದಶಮಾಂಶ ಬಂದರೆ ಮೇಲಿನ ಪೂರ್ಣ ಸಂಖ್ಯೆಗೆ ಏರಿಸಿ. ಎಕ್ಸೆಲ್‌ನಲ್ಲಾದರೆ ಸ್ಮಾಲ್ ಎಂಬ ಫಾರ್ಮುಲಾಕ್ಕೆ ಪಟ್ಟಿಯನ್ನೂ 14ನ್ನೂ ಕೊಟ್ಟರೆ ಜೋಡಿಸುವ ಕೆಲಸವೂ ಇಲ್ಲ.

7. ನಂಬುವ ಮೊದಲು ಹಳೆಯ ದಿನಗಳ ಮೇಲೆ ಓಡಿಸಿ ನೋಡಿ

ಇದನ್ನು ಬಿಡಬೇಡಿ. ಒಂದು ಸಂಖ್ಯೆ ಆರಿಸಿ. 20 ದಿನಕ್ಕೂ ಬೇಡಿಕೆ ಮತ್ತು ಆ ಸಂಖ್ಯೆ ಎರಡರಲ್ಲಿ ಯಾವುದು ಕಡಿಮೆಯೋ ಅದು ಮಾರಾಟ. ಅದನ್ನು 25ರಿಂದ ಗುಣಿಸಿ, ಹಾಕಿದ ಸಂಖ್ಯೆಯನ್ನು 7.50ರಿಂದ ಗುಣಿಸಿ ಕಳೆಯಿರಿ. ದಿನದ ಸರಾಸರಿ ಹೀಗೆ ಬರುತ್ತದೆ:

62 ಹಾಕಿದರೆ 1,085 ರೂಪಾಯಿ
75 ಹಾಕಿದರೆ 1,272
80 ಹಾಕಿದರೆ 1,320
85 ಹಾಕಿದರೆ 1,349
90 ಹಾಕಿದರೆ 1,360
100 ಹಾಕಿದರೆ 1,340
118 ಹಾಕಿದರೆ 1,240

ಮಿಕ್ಕಲೇಬಾರದು ಎಂದು 62 ಹಾಕುವವರು ದಿನಕ್ಕೆ 275 ರೂಪಾಯಿ ಬಿಟ್ಟುಕೊಡುತ್ತಿದ್ದಾರೆ. ಯಾರನ್ನೂ ಬರಿಗೈಯಲ್ಲಿ ಕಳಿಸಬಾರದು ಎಂದು 118 ಹಾಕುವವರು 120 ರೂಪಾಯಿ ಬಿಟ್ಟುಕೊಡುತ್ತಿದ್ದಾರೆ. ಇಬ್ಬರೂ ತಪ್ಪು, ಆದರೆ ಪಫ್ಸಿನ ಮಟ್ಟಿಗೆ ಮೊದಲನೆಯವರ ತಪ್ಪು ಎರಡು ಪಟ್ಟಿಗೂ ಹೆಚ್ಚು. ಬಾಡಿಗೆ ಸೇರಿಸಿ ಅಸಲನ್ನು 15 ಎಂದುಕೊಂಡವರಿಗೆ ಅನುಪಾತ 0.40 ಬಂದು 80 ಹಾಕುತ್ತಾರೆ: ದಿನಕ್ಕೆ 40 ರೂಪಾಯಿ, 300 ದಿನಕ್ಕೆ 12,000 ರೂಪಾಯಿ, ಅದೂ ಒಂದೇ ತಿನಿಸಿನಲ್ಲಿ.

85ರಿಂದ 100ರವರೆಗೆ ಲಾಭ ಹೆಚ್ಚುಕಡಿಮೆ ಸಮತಟ್ಟಾಗಿದೆ ಎಂಬುದನ್ನೂ ಗಮನಿಸಿ. ಹಾಗಾಗಿ 90ಕ್ಕೆ ಜೋತುಬೀಳಬೇಕಿಲ್ಲ. ನಿಮ್ಮ ಟ್ರೇಗೆ 30 ಹಿಡಿಸಿದರೆ ಮೂರು ತುಂಬು ಟ್ರೇ ಹಾಕಿ, 24 ಹಿಡಿಸಿದರೆ ನಾಲ್ಕು ಟ್ರೇ, 96. ಅರ್ಧ ಟ್ರೇ ಬೇಯಿಸಲು ಓವನ್ ಕಾಯಿಸುವುದಕ್ಕಿಂತ ಇದೇ ಮೇಲು.

ಅದೇ ಬೇಡಿಕೆಯ ಪಟ್ಟಿ ಕ್ರೀಮ್ ಪೇಸ್ಟ್ರಿಯದ್ದಾಗಿದ್ದರೆ ಕತೆ ತಿರುಗುತ್ತದೆ. ಬೆಲೆ 50, ಅಸಲು 30 ಇದ್ದರೆ ಕಡಿಮೆ ಬಿದ್ದದ್ದಕ್ಕೆ 20, ಮಿಕ್ಕಿದ್ದಕ್ಕೆ 30, ಅನುಪಾತ 0.40, ಉತ್ತರ 80. ಆಗ ದಿನಕ್ಕೆ 1,440 ರೂಪಾಯಿ ಉಳಿಯುತ್ತದೆ. 118 ಹಾಕಿದರೆ ಉಳಿಯುವುದು 710, ಅರ್ಧಕ್ಕಿಂತಲೂ ಕಡಿಮೆ. ಪೇಸ್ಟ್ರಿಯಲ್ಲಿ ಧಾರಾಳತನ ದುಬಾರಿ, ಪಫ್ಸಿನಲ್ಲಿ ಜಿಪುಣತನ ದುಬಾರಿ. ಇಡೀ ಅಂಗಡಿಗೆ ಒಂದೇ ನಿಯಮ ಇಟ್ಟುಕೊಳ್ಳಲು ಬಾರದಿರುವುದು ಇದರಿಂದಲೇ.

ಬ್ರೆಡ್ಡಿನದ್ದು ಮೂರನೆಯ ಬಗೆ. ಬೆಲೆ 45, ಅಸಲು 30 ಎನ್ನಿ. ಮಿಕ್ಕಿದ್ದನ್ನು ಎಸೆದರೆ ಅನುಪಾತ 0.33. ರಸ್ಕ್ ಮಾಡಿ, ಅದರ ಖರ್ಚು ಕಳೆದು 12 ರೂಪಾಯಿ ವಾಪಸ್ ಬಂದರೆ ಮಿಕ್ಕಿದ್ದರ ನಷ್ಟ 18ಕ್ಕೆ ಇಳಿದು ಅನುಪಾತ 0.45 ಆಗುತ್ತದೆ. ರಸ್ಕ್ ಡಬ್ಬಿ ತುಂಬಿದ್ದು ಮಾರಾಟವಾಗದೆ ಕೂತಿದ್ದರೆ ಮಾತ್ರ ಆ 12 ರೂಪಾಯಿ ಕಾಗದದ ಮೇಲಿನ ಹಣ.

8. ಅಂದಾಜು ತಪ್ಪಿದ್ದರೆ ಉತ್ತರ ಎಷ್ಟು ಅಲುಗಾಡುತ್ತದೆ?

ಪಫ್ಸ್ ಕೊಂಡವರಲ್ಲಿ ಅರ್ಧ ಜನ ಚಹಾ ಕುಡಿದು ಅದರಲ್ಲಿ 6 ರೂಪಾಯಿ ಲಾಭ ಕೊಡುತ್ತಾರೆ ಎನ್ನೋಣ. ಕಡಿಮೆ ಬಿದ್ದದ್ದರ ನಷ್ಟ 20.50 ಆಗುತ್ತದೆ, ಅನುಪಾತ 0.73, ಉತ್ತರ ಹದಿನೈದನೆಯ ಸಂಖ್ಯೆ 92. ಬದಲಿಗೆ, ಪಫ್ಸ್ ಇಲ್ಲದಾಗ ಅರ್ಧ ಜನ ಖಾರ ಬನ್ ಕೊಂಡು 8 ರೂಪಾಯಿ ಲಾಭ ಕೊಡುತ್ತಾರೆ ಎನ್ನೋಣ. ನಷ್ಟ 13.50ಕ್ಕೆ ಇಳಿಯುತ್ತದೆ, ಅನುಪಾತ 0.64, ಉತ್ತರ 88. ಎರಡೂ ಕಡೆ ಮೂರು ಟ್ರೇ. ಉತ್ತರ ಅಲುಗಾಡದಿದ್ದರೆ ಆ ಅಂದಾಜನ್ನು ಇನ್ನಷ್ಟು ನಿಖರಗೊಳಿಸಲು ಸಮಯ ಕಳೆಯಬೇಡಿ.

9. ಮೂರು ಟ್ರೇ ಹಾಕಲು ಶುರುಮಾಡಿದ ಮೇಲೆ

ಮೊದಲ ವಾರ ಎರಡು ದಿನ ಖಾಲಿಯಾದರೆ "ನಾಲ್ಕು ಟ್ರೇ ಹಾಕೋಣ" ಎನ್ನುತ್ತಾರೆ, ಮರುವಾರ 20 ಮಿಕ್ಕಿದರೆ "ಎರಡಕ್ಕೆ ಇಳಿಸೋಣ" ಎನ್ನುತ್ತಾರೆ. ಎರಡಕ್ಕೂ ಕಿವಿಗೊಡಬೇಡಿ. 20 ದಿನದಲ್ಲಿ ಸುಮಾರು 6 ದಿನ ಖಾಲಿಯಾಗುವುದು, ದಿನಕ್ಕೆ ಸರಾಸರಿ 8–9 ಮಿಕ್ಕುವುದು ನಾವೇ ಹಾಕಿದ ಲೆಕ್ಕದ ಭಾಗ. 20 ದಿನದಲ್ಲಿ 3ರಿಂದ 9 ದಿನ ಖಾಲಿಯಾದರೆ ಸಹಜ ಏರಿಳಿತ. ಹತ್ತು ಅಥವಾ ಅದಕ್ಕಿಂತ ಹೆಚ್ಚು ದಿನ ಖಾಲಿಯಾದರೆ ಬೇಡಿಕೆ ಬೆಳೆದಿದೆ ಎಂದು ಹಿಡಿದು ಹೊಸ ಪಟ್ಟಿ ಮಾಡಿ. ಎರಡೇ ದಿನ ಅಥವಾ ಅದಕ್ಕಿಂತ ಕಡಿಮೆಯಾದರೆ ಬೇಡಿಕೆ ಇಳಿದಿದೆ.

ಮಿಕ್ಕಿದ್ದನ್ನು ಪ್ರತಿದಿನ ಎಂಟು ಗಂಟೆಗೆ ಅರ್ಧ ಬೆಲೆಗೆ ಮಾರುವ ರೂಢಿ ಬೇಡ. ಏಳೂವರೆಗೆ ಬರುತ್ತಿದ್ದವರು ಎಂಟಕ್ಕೆ ಬರತೊಡಗುತ್ತಾರೆ, ಪೂರ್ತಿ ಬೆಲೆಯ ಬೇಡಿಕೆಯೇ ಕರಗುತ್ತದೆ.

ಈ ಎಲ್ಲ ಲೆಕ್ಕಕ್ಕಿಂತ ಹೆಚ್ಚು ಫಲ ಕೊಡುವ ಬದಲಾವಣೆ ಒಂದಿದೆ: ತೀರ್ಮಾನವನ್ನು ಎರಡು ಸಲ ಮಾಡುವುದು. ಮೂರು ಗಂಟೆಗೆ ಎರಡು ಟ್ರೇ ಬೇಯಿಸಿ. ಮೂರನೆಯದನ್ನು ಮಡಿಸಿ, ಪಲ್ಯ ತುಂಬಿ, ಬೇಯಿಸದೇ ಫ್ರಿಜ್‌ನಲ್ಲಿಡಿ. ಐದಕ್ಕೆ ತಟ್ಟೆ ನೋಡಿ ಓವನ್‌ಗೆ ಹಾಕಬೇಕೋ ಬೇಡವೋ ಎಂದು ತೀರ್ಮಾನಿಸಿ. ಬೇಯಿಸದ ಪಫ್ಸ್ ಮರುದಿನದ ಮೊದಲ ಟ್ರೇ ಆಗುತ್ತದೆ, ಅಂದರೆ ಮಿಕ್ಕಿದ್ದರ ನಷ್ಟ 7.50ರಿಂದ ಬಹುತೇಕ ಸೊನ್ನೆಗೆ ಇಳಿಯುತ್ತದೆ.

10. ಮೈದಾ ಎಷ್ಟು ಮೂಟೆ, ಯಾವಾಗ ತರಿಸಬೇಕು?

ಹಳಸದ ಸರಕಿಗೆ ಬೇರೆ ಲೆಕ್ಕ. ಅಮೆರಿಕದ ಎಂಜಿನಿಯರ್ ಫೋರ್ಡ್ ವಿಟ್‌ಮನ್ ಹ್ಯಾರಿಸ್ 1913ರಲ್ಲಿ ಕೊಟ್ಟ ಸೂತ್ರ ಇವತ್ತಿಗೂ ಬಳಕೆಯಲ್ಲಿದೆ: ವರ್ಷದ ಬಳಕೆ, ಒಂದು ಸಲ ತರಿಸುವ ಖರ್ಚು ಇವೆರಡನ್ನು ಗುಣಿಸಿ ಎರಡು ಪಟ್ಟು ಮಾಡಿ, ಒಂದು ಮೂಟೆಯನ್ನು ವರ್ಷವಿಡೀ ಇಟ್ಟುಕೊಳ್ಳುವ ಖರ್ಚಿನಿಂದ ಭಾಗಿಸಿ, ವರ್ಗಮೂಲ ತೆಗೆಯಿರಿ.

ದಿನಕ್ಕೆ ಅರ್ಧ ಮೂಟೆಯಂತೆ ವರ್ಷಕ್ಕೆ 180 ಮೂಟೆ. ಒಂದು ಸಲದ ಟೆಂಪೊ ಬಾಡಿಗೆ, ಹಮಾಲಿ ಸೇರಿ 400 ರೂಪಾಯಿ. 2,000 ರೂಪಾಯಿಯ ಮೂಟೆಗೆ ಬಡ್ಡಿ, ಹುಳು, ಇಲಿ ಎಲ್ಲ ಸೇರಿ ವರ್ಷಕ್ಕೆ ಶೇಕಡಾ 24, ಅಂದರೆ 480. ಉತ್ತರ 17 ಮೂಟೆ. ಆದರೆ 10 ಮೂಟೆಯಂತೆ ತರಿಸಿದರೂ ವರ್ಷದ ಖರ್ಚು 8,314ರಿಂದ 9,600ಕ್ಕೆ ಏರುತ್ತದೆ, ಅಷ್ಟೇ. 17 ಮೂಟೆ ಎಂದರೆ 34 ದಿನದ ಸರಕು. ಮಳೆಗಾಲದಲ್ಲಿ ಮೈದಾ ಅಷ್ಟು ದಿನ ಕೂತರೆ ಥಂಡಿ ಹಿಡಿದು ಹುಳು ಬೀಳುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ 10, ಉಳಿದ ತಿಂಗಳು 15 ಎಂದಿಟ್ಟುಕೊಳ್ಳುವುದು ಜಾಣತನ. 5 ಮೂಟೆಯಂತೆ ತರಿಸಿದರೆ ಮಾತ್ರ ಖರ್ಚು 15,600ಕ್ಕೆ ಹಾರುತ್ತದೆ.

ಯಾವಾಗ ಎಂಬುದು ಸುಲಭ. ಫೋನ್ ಮಾಡಿದ ಮೇಲೆ ಸರಕು ಬರಲು ಮೂರು ದಿನ ಬೇಕಾದರೆ, ಯಾವುದೇ ಮೂರು ದಿನದಲ್ಲಿ ಅತಿ ಹೆಚ್ಚು ಎಷ್ಟು ಖರ್ಚಾಗಿದೆ ಎಂದು ಪುಸ್ತಕದಲ್ಲಿ ಹುಡುಕಿ. ಎರಡೂವರೆ ಮೂಟೆ ಎಂದಿದ್ದರೆ, ಮೂರು ಮೂಟೆ ಉಳಿದಾಗ ಫೋನ್ ಮಾಡಬೇಕು. ಮೂರನೆಯ ಮೂಟೆಯ ಎತ್ತರಕ್ಕೆ ಗೋಡೆಯ ಮೇಲೆ ಕೆಂಪು ಗೆರೆ ಎಳೆಯಿರಿ, ಯಾರು ನೋಡಿದರೂ ತಿಳಿಯುತ್ತದೆ.

11. ಎರಡನೆಯ ಓವನ್ ಕೊಳ್ಳಬೇಕೇ?

ಸಾಲದ ಕಂತು, ಹೆಚ್ಚುವರಿ ಕರೆಂಟು ಸೇರಿ ತಿಂಗಳಿಗೆ 9,600 ರೂಪಾಯಿ ಬೀಳುತ್ತದೆ ಎನ್ನಿ. 9,600 ÷ 17.50 = 549 ಪಫ್ಸ್, ದಿನಕ್ಕೆ 18ಕ್ಕಿಂತ ಸ್ವಲ್ಪ ಹೆಚ್ಚು. ಈ 18 ಎಲ್ಲಿಂದ ಬರುತ್ತವೆ? 20 ದಿನದ ಪಟ್ಟಿಯಲ್ಲಿ 90ನ್ನು ಮೀರಿದ ಬೇಡಿಕೆಯನ್ನೆಲ್ಲ ಕೂಡಿದರೆ 72, ಅಂದರೆ ದಿನಕ್ಕೆ 3.6. ವಾರದ ನಡುವಿನ ಪಫ್ಸ್ ಒಂದರಿಂದಲೇ ಓವನ್ ಕಂತು ಕಟ್ಟಲಾಗದು. ಬನ್, ಬ್ರೆಡ್, ಬಿಸ್ಕತ್, ವಾರಾಂತ್ಯದ ಕೇಕ್, ಹೀಗೆ ಓವನ್ ಸಾಲದೇ ಕೈಬಿಟ್ಟ ಪ್ರತಿಯೊಂದರ ಲಾಭವನ್ನೂ ಇದೇ ರೀತಿ ಪಟ್ಟಿಯಿಂದ ತೆಗೆದು ಕೂಡಿ. ಮೊತ್ತ 9,600 ದಾಟಿದರೆ ಮಾತ್ರ ಮಾತುಕತೆಗೆ ಹೋಗಿ. ಓವನ್ ಮಾರುವವರು ತೋರಿಸುವ ಲೆಕ್ಕದಲ್ಲಿ ಅದು ಹೊರಹಾಕುವುದೆಲ್ಲ ಮಾರಾಟವಾಗುತ್ತದೆ ಎಂದು ಇರುತ್ತದೆ. ನಿಮ್ಮ ಲೆಕ್ಕದಲ್ಲಿ ಹಾಗಿರಬಾರದು.

12. ಮತ್ತೆ ಯಾವಾಗ ಲೆಕ್ಕ ಹಾಕಬೇಕು?

ಮೂರು ತಿಂಗಳಿಗೊಮ್ಮೆ ಹೊಸ 20 ದಿನಗಳ ಪಟ್ಟಿ ಮಾಡಿ. ಇದಲ್ಲದೆ ಬೆಲೆ ಬದಲಿಸಿದಾಗ, ಪಕ್ಕದಲ್ಲಿ ಹೊಸ ಅಂಗಡಿ ತೆರೆದಾಗ, ಕಾಲೇಜು ಶುರುವಾದಾಗ ಅಥವಾ ಮುಗಿದಾಗ ಕೂಡ ಮಾಡಿ. ಮಾರ್ಗರಿನ್ ಬೆಲೆ ಏರಿದ ತಕ್ಷಣ ಗಾಬರಿಯಾಗಿ ಕಡಿಮೆ ಹಾಕುವ ಅಗತ್ಯ ಅಪರೂಪ. ಅಸಲು 7.50ರಿಂದ 9ಕ್ಕೆ ಹೋದರೆ ಅನುಪಾತ 0.64, ಉತ್ತರ 88. ಮೂರು ಟ್ರೇ ಮೂರಾಗಿಯೇ ಉಳಿಯುತ್ತದೆ.